ಕಾಲು ಎಣಿಸದೆ ಹೆಸರಿಡಬೇಡಿ

ಗೆಳೆಯರೇ, ಮೊನ್ನೆ ಕೆರೆ ಕೋಡಿ ಹತ್ತಿರ ಉದ್ದನೆಯ ಪ್ರಾಣಿ ಕಂಡಾಗ ನಾವೆಲ್ಲ ‘ಹಾವು, ಹಾವು’ ಅಂತ ಕಲ್ಲು ಹೊಡೆದು ಸಾಯಿಸಿದೆವು. ಆಮೇಲೆ ನೋಡಿದರೆ ಅದು ಹಾವುಮೀನು! ನಾನೂ ಒಂದು ಕಲ್ಲು ಎಸೆದಿದ್ದೆ.

ಗುರುಗಳು ತೋರಿಸಿದ ಪುಸ್ತಕದಲ್ಲಿ ಸೈರನ್ ಎಂಬ ಪ್ರಾಣಿ ಇದೆ. ಅಮೆರಿಕದ ಆಗ್ನೇಯ ಭಾಗದ ಕೆರೆ, ಜೌಗುಗಳಲ್ಲಿ ಇರುತ್ತದೆ. ನೋಡಲು ಥೇಟ್ ಹಾವುಮೀನು. ಆದರೆ ಮುಂದೆ 2 ಪುಟ್ಟ ಕಾಲುಗಳಿವೆ, ಹಿಂಗಾಲು ಇಲ್ಲವೇ ಇಲ್ಲ! ಕತ್ತಿನ ಹೊರಗೆ ಕಿವಿರು, ಒಳಗೆ ಶ್ವಾಸಕೋಶ. ಹಾಗಾದರೆ ಮೀನೋ, ಕಪ್ಪೆಯ ನೆಂಟನೋ? ಲಿನೇಯಸ್ ಎಂಬ ದೊಡ್ಡ ವಿಜ್ಞಾನಿ 1766ರಲ್ಲಿ ಇದಕ್ಕಾಗಿಯೇ ಒಂದು ಹೊಸ ಗಣ ಮಾಡಬೇಕಾಯಿತು. ಈಗ ಇದನ್ನು ಉಭಯವಾಸಿಗಳಲ್ಲಿ ಬಾಲವಿರುವ ಸಾಲಮಾಂಡರ್ ಗುಂಪಿಗೆ ಸೇರಿಸಿದ್ದಾರೆ. ಇದರದೇ ಬಳಗದ, ಸುಮಾರು 2 ಅಡಿ ಉದ್ದದ ಇನ್ನೊಂದು ಪ್ರಭೇದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 2018ರಲ್ಲಿ!

ಅಷ್ಟು ಓದಿದವರೇ ನಿಧಾನವಾಗಿ ನೋಡಿ ಹೆಸರಿಡುತ್ತಾರೆ. ನಮಗೇಕೆ ಅವಸರ? ಉದ್ದ ಇದ್ದದ್ದೆಲ್ಲಾ ಹಾವಲ್ಲ. ದೂರ ನಿಂತು ನೋಡೋಣ. ಕಾಲಿದೆಯಾ? ಕಿವಿರಿದೆಯಾ? ಗೊತ್ತಾಗದಿದ್ದರೆ ಗುರುಗಳನ್ನು ಕೇಳೋಣ. ಕಲ್ಲು ಮಾತ್ರ ಬೇಡ. ಇದು ನನ್ನ ಅನಿಸಿಕೆ.

— 7ನೇ ತರಗತಿ ವಿದ್ಯಾರ್ಥಿ