ಮರಿ ಆಮೇಲೆ, ಮೊದಲು ತಾಯಿ ತೋರಿಸಿ

ನನ್ನ ಭಾವಮೈದುನನಿಗೆ ಬೀಗಲ್ ಮರಿ ಬೇಕಿತ್ತು. ಇಬ್ಬರೂ ಬೆಂಗಳೂರಿನ ಹೊರವಲಯದ ಒಂದು ಮೂರಂತಸ್ತಿನ ಮನೆಗೆ ಹೋದೆವು. ಮಾರುವ ಹುಡುಗ ನಮ್ಮನ್ನು ಹಾಲ್‌ನಲ್ಲಿ ಕೂರಿಸಿ ಬುಟ್ಟಿಯಲ್ಲಿ ನಾಲ್ಕು ಮರಿ ತಂದಿಟ್ಟ. ಮೈಗೆಲ್ಲ ಬೇಬಿ ಪೌಡರಿನ ಘಮ. ‘ತಾಯಿ ಎಲ್ಲಿ?’ ಎಂದೆ. ‘ಫಾರ್ಮಲ್ಲಿದೆ ಅಣ್ಣ, ವಿಡಿಯೊ ಕಳಿಸ್ತೀನಿ’ ಎಂದ. ಅಷ್ಟರಲ್ಲಿ ಮೇಲೆಲ್ಲೋ ನಾಯಿಯೊಂದು ಕುಂಯ್‌ಗುಟ್ಟಿತು. ಬುಟ್ಟಿಯಲ್ಲಿದ್ದ ನಾಲ್ಕೂ ಒಟ್ಟಿಗೆ ತಲೆ ಎತ್ತಿದವು.

ಕೈ ತೊಳೆಯುವ ನೆಪದಲ್ಲಿ ಮೆಟ್ಟಿಲು ಹತ್ತಿದೆ. ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಕಬ್ಬಿಣದ ಗೂಡು, ಒಳಗೆ ಹೆಣ್ಣು ಬೀಗಲ್. ಎದ್ದು ನಿಂತರೂ ಮೊಲೆಗಳು ನೆಲಕ್ಕೆ ತಾಗುವಷ್ಟು ಜೋತುಬಿದ್ದಿದ್ದವು. ಸರಳಿನ ಮೇಲೆ ಮಲಗಿ ಮಲಗಿ ಹಿಂಗಾಲಿನ ಕೂದಲು ಸವೆದು ಚರ್ಮ ಕಪ್ಪಗೆ ಗಟ್ಟಿಯಾಗಿತ್ತು. ನನ್ನನ್ನು ನೋಡಿ ಅದು ಬೊಗಳಲಿಲ್ಲ, ಬಾಲ ಅಲ್ಲಾಡಿಸಿತು.

ಇಷ್ಟಾದ ಮೇಲೂ ನಾವು ಮರಿ ಕೊಂಡೆವು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಕೊಂಡೆವು. ಭಾವಮೈದುನನ ಮಗಳು ಆಗಲೇ ಹೆಸರಿಟ್ಟಾಗಿತ್ತು. ಐದನೇ ದಿನ ವಾಂತಿ, ಆರನೇ ದಿನ ರಕ್ತಭೇದಿ, ಆಮೇಲೆ ಡ್ರಿಪ್. ಎಂಟನೇ ದಿನ ಮುಗಿಯಿತು. ಪಾರ್ವೊ. ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ ಸಾಮಾನ್ಯವಾಗಿ ಅದು ಹೊರಬೀಳುತ್ತದೆ. ಮರಿ ಅದನ್ನು ಬುಟ್ಟಿಯಲ್ಲೇ ಹೊತ್ತು ತಂದಿರಬೇಕು. ಡಾಕ್ಟರು ಅದರ ಬಾಯಿ ತೆರೆದು ಹಲ್ಲು ನೋಡಿದ್ದರು. ‘45 ದಿನ ಅಂದ್ರಾ? ತಿಂಗಳೂ ತುಂಬಿರಲಿಕ್ಕಿಲ್ಲ.’

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಹಸುವಾದರೆ ಎರಡು ಹೊತ್ತು ಹಾಲು ಕರೆದು ನೋಡದೆ ಹಣ ಎಣಿಸುವುದಿಲ್ಲ. ಅದೇ ರೈತನ ಮಗ ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೆ ವಾಟ್ಸ್‌ಆ್ಯಪ್ ಫೋಟೊ ನೋಡಿ ಟೋಕನ್ ಅಡ್ವಾನ್ಸ್ ಹಾಕುತ್ತಾನೆ. ಮರಿ ರಾತ್ರಿ ಬಸ್ಸಿನಲ್ಲಿ ರಟ್ಟಿನ ಡಬ್ಬಿಯೊಳಗೆ ಬರುತ್ತದೆ.

ನಾಯಿಯ ವಿಷಯದಲ್ಲಿ ನಮ್ಮಲ್ಲಿ ಗಲಾಟೆಗೇನೂ ಕೊರತೆಯಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಎಂದ ಸುಪ್ರೀಂ ಕೋರ್ಟ್ ಹನ್ನೊಂದೇ ದಿನಕ್ಕೆ ಅದನ್ನು ಮಾರ್ಪಡಿಸಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳ ಸರದಿ ಬಂತು. ಟಿವಿಯಲ್ಲಿ ನಾಯಿಪ್ರೇಮಿಗಳೂ ನಾಯಿದ್ವೇಷಿಗಳೂ ಗಂಟಲು ಹರಿದುಕೊಂಡರು. ಕಚ್ಚಿದ ನಾಯಿಯ ತಳಿ ಯಾವುದೆಂದು ಪತ್ರಿಕೆಗಳು ಬರೆದವು. ಅದನ್ನು ಹುಟ್ಟಿಸಿ, ಹೇಗೆ ಸಾಕಬೇಕೆಂದು ಒಂದು ಮಾತೂ ಹೇಳದೆ ಮಾರಿದವನು ಯಾರೆಂದು ಯಾರೂ ಕೇಳಲಿಲ್ಲ.

ಕೇಳಲು ಕಾನೂನು ಇಲ್ಲವೆಂದಲ್ಲ. 2017ರಲ್ಲೇ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಬಂದಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಿಲ್ಲದೆ ಬ್ರೀಡಿಂಗ್ ಮಾಡುವಂತಿಲ್ಲ. 18 ತಿಂಗಳು ತುಂಬದ ಹೆಣ್ಣಿಗೆ ಕ್ರಾಸ್ ಮಾಡಿಸುವಂತಿಲ್ಲ, 8 ವರ್ಷ ದಾಟಿದ ಮೇಲೂ ಮಾಡಿಸುವಂತಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈಗ ಯಾವುದಾದರೂ ಜಾಹೀರಾತು ತೆಗೆದು ನೋಡಿ: ‘45 ದಿನದ ಮರಿ ರೆಡಿ’. 8 ವಾರವೆಂದರೆ 56 ದಿನ. ಹೆಚ್ಚಿನ ಸಾಕ್ಷಿಯೇ ಬೇಕಿಲ್ಲ, ಜಾಹೀರಾತೇ ತಪ್ಪೊಪ್ಪಿಗೆ. ಆದರೂ ಯಾರಿಗೂ ನೋಟಿಸ್ ಹೋಗುವುದಿಲ್ಲ. ಹೋದರೂ ಏನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಸಲದ ಕ್ರೌರ್ಯಕ್ಕೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಇವತ್ತು ಒಂದು ಮಸಾಲೆ ದೋಸೆಗೂ ಅದು ಸಾಲದು.

ಮಾರುವವರು ತೋರಿಸುವುದು ಕೆಸಿಐ ಪೇಪರ್. ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಮರಿಯ ತಂದೆ, ತಾಯಿ, ಅಜ್ಜ, ಅಜ್ಜಿ ಯಾರೆಂದು ಹೇಳುತ್ತದೆ. ಅಜ್ಜಿಯ ಸೊಂಟ ಹೇಗಿತ್ತು, ತಾಯಿ ಎಷ್ಟು ಸಲ ಈದಿದೆ, ಎಂಥ ಜಾಗದಲ್ಲಿ ಮಲಗುತ್ತದೆ ಎಂಬುದು ಅದರಲ್ಲಿರುವುದಿಲ್ಲ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುವ ನಾವು ನೂಲು ನೋಡದೆ ಸೀರೆಯ ಬಿಲ್ಲು ನೋಡಿ ತೃಪ್ತರಾಗುತ್ತೇವೆ. ‘ಹೆವಿ ಬೋನ್’, ‘ಶೋ ಕ್ವಾಲಿಟಿ’, ‘ಟೀ ಕಪ್’ ಎಂಬ ಮಾತುಗಳಿಗಂತೂ ಯಾವ ಪೇಪರೂ ಇಲ್ಲ. 2003ರ ಹಚ್ ಮೊಬೈಲ್ ಜಾಹೀರಾತಿನ ಪಗ್ ನೋಡಿ ಮನಸೋತು, ಬೇಸಿಗೆಯಲ್ಲಿ ಉಸಿರಾಡಲು ಒದ್ದಾಡುವ ಚಪ್ಪಟೆ ಮೂತಿಯ ನಾಯಿಯನ್ನು ಎಷ್ಟು ಮನೆಗಳು ತಂದವೋ. ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡ ಗೆಳೆಯನೊಬ್ಬ ಮರುದಿನವೇ ನನಗೆ ಫೋನ್ ಮಾಡಿ, ಲ್ಯಾಬ್ರಡಾರ್ ಮರಿ ಕಡಿಮೆ ರೇಟಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಆ ಚಿತ್ರದಲ್ಲಿ ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಇಂಥದ್ದೇ ಗೂಡಿನಿಂದ. ಅದಕ್ಕೆ ಕ್ಯಾನ್ಸರ್ ಬಂದದ್ದು ರಕ್ತಸಂಬಂಧದೊಳಗೇ ಕ್ರಾಸ್ ಮಾಡಿಸಿದ್ದರಿಂದ ಎಂದು ಡಾಕ್ಟರ್ ಬಾಯಲ್ಲೇ ಹೇಳಿಸಿದ್ದಾರೆ. ಅವನು ಆ ಹೊತ್ತಿಗೆ ಅಳುತ್ತಿದ್ದನೇನೋ.

ಹಾಗಾದರೆ ‘ಕೊಳ್ಳಬೇಡಿ, ದತ್ತು ಪಡೆಯಿರಿ’ ಎಂಬ ಘೋಷಣೆಯೇ ಸಾಕಲ್ಲ ಎನ್ನುವವರಿದ್ದಾರೆ. ನನಗೆ ಸಾಕೆನಿಸುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತ ನೂರಾರು ಕುಟುಂಬಗಳು ಮುಧೋಳ ತಳಿಯ ಬೇಟೆನಾಯಿ ಸಾಕಿ ಬದುಕುತ್ತವೆ. ತಿಮ್ಮಾಪುರದಲ್ಲಿ ಆ ತಳಿಗಾಗಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು, ಸೈನ್ಯದವರು ಒಯ್ದು ಪಳಗಿಸಿದ ನಾಯಿ. ಆ ಕಡೆಯ ಒಂದು ಹಳ್ಳಿಗೆ ನಾನೂ ಹೋಗಿದ್ದೆ. ಬೇವಿನ ಮರದ ನೆರಳಲ್ಲಿ ತಾಯಿ ಮಲಗಿತ್ತು, ಮರಿಗಳು ಅದರ ಹೊಟ್ಟೆಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಸಾಕಿದ ಹಿರಿಯರು ನನ್ನ ಜೇಬಿನ ಸುದ್ದಿಯೆತ್ತದೆ ಮನೆಯ ಸುದ್ದಿ ತೆಗೆದರು.

‘ಎಷ್ಟನೇ ಮಾಳಿಗಿರಿ ನಿಮ್ದು?’

‘ಐದನೇದು.’

‘ಹಂಗಾರ ಬ್ಯಾಡ್ರಿ. ಇದು ಓಡೂ ನಾಯಿ. ಬಾಲ್ಕನ್ಯಾಗ ಕಟ್ಟಿದ್ರ ನಿಮ್ಮ ಸೋಫಾನೂ ಉಳಿಯಂಗಿಲ್ಲ, ನಾಯೀನೂ ಉಳಿಯಂಗಿಲ್ಲ.’

ಚಹಾ ಕುಡಿಸಿ ಬರಿಗೈಲಿ ಕಳಿಸಿದರು. ಅವರನ್ನೂ ತಾರಸಿಯ ಹುಡುಗನನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಘೋಷಣೆಗೆ ನಾನು ದನಿಗೂಡಿಸಲಾರೆ. ಮುಧೋಳದವರೆಲ್ಲ ಸಾಚಾ ಎಂದೂ ಅಲ್ಲ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಈ ತಳಿಯ ಹೆಸರೆತ್ತಿದ ಮೇಲೆ, ಪಕ್ಕೆಲುಬು ಕಾಣುವ ನಾಯಿಯನ್ನೆಲ್ಲ ಮುಧೋಳ ಎಂದು ಮಾರುವವರನ್ನು ನಾನೇ ಕಂಡಿದ್ದೇನೆ. ಮರಿ ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗಿದೆಯೋ, ಕೊಟ್ಟ ನಾಯಿ ನಿಮಗೆ ಒಗ್ಗದಿದ್ದರೆ ನನಗೇ ವಾಪಸ್ ತನ್ನಿ ಎನ್ನುವವರು ಯಾರೋ, ನನ್ನ ನಂಬಿಕೆ ಅವರ ಮೇಲೆ.

ಇದೇ ಒರೆಗಲ್ಲನ್ನು ರೆಸ್ಕ್ಯೂ ಮಾಡುವವರಿಗೂ ಹಚ್ಚಬೇಕು. ಇಲ್ಲಿ ನನ್ನ ಗೆಳೆಯರೇ ಮುನಿಸಿಕೊಳ್ಳುತ್ತಾರೆ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆ ಇರುವ ಊರು ಬೆಂಗಳೂರು. ರಾತ್ರಿ ಎರಡಕ್ಕೆ ಎದ್ದು ಹೋಗಿ ಚರಂಡಿಯಿಂದ ಮರಿ ಎತ್ತುವ ಹುಡುಗ ಹುಡುಗಿಯರು ನನಗೆ ಗೊತ್ತು. ಆದರೆ ಇನ್ನೊಂದು ಶೆಡ್ಡನ್ನೂ ನೋಡಿದ್ದೇನೆ. ಹದಿನೈದು ನಾಯಿಯ ಜಾಗದಲ್ಲಿ ಅರವತ್ತು. ಕಾಯಿಲೆಯದಕ್ಕೂ ಗಟ್ಟಿಯಾದದ್ದಕ್ಕೂ ಒಂದೇ ನೀರಿನ ತೊಟ್ಟಿ. ಒಂದನ್ನಾದರೂ ದತ್ತು ಕೊಡಿ ಎಂದರೆ ‘ನನ್ನ ಮಕ್ಕಳನ್ನು ಯಾರಿಗೂ ಕೊಡಲ್ಲ’ ಎಂದು ಅದನ್ನು ನಡೆಸುವಾಕೆ ಕಣ್ಣೀರು ಹಾಕಿದರು. ಆ ಕಣ್ಣೀರು ಸುಳ್ಳಲ್ಲ, ಅಲ್ಲಿನ ವಾಸನೆಯೂ ಸುಳ್ಳಲ್ಲ. ಇನ್ನೊಬ್ಬ ಮಹಾಶಯ ಕಾಲು ಮುರಿದ ಒಂದೇ ನಾಯಿಯ ಫೋಟೊ ಹಾಕಿ ಎಂಟು ತಿಂಗಳು ಹಣ ಎತ್ತಿದ. ಯಾವ ಆಸ್ಪತ್ರೆ, ಬಿಲ್ ಎಲ್ಲಿ ಎಂದು ಕೇಳಿದವರಿಗೆ ‘ನಾಯಿದ್ವೇಷಿ’ ಎಂಬ ಬಿರುದು. ಮೂರನೆಯವನು ಹಸ್ಕಿ, ಶಿಟ್ಜುಗಳನ್ನಷ್ಟೇ ‘ರಕ್ಷಿಸಿ’ ಇಪ್ಪತ್ತು ಸಾವಿರ ‘ಅಡಾಪ್ಷನ್ ಫೀ’ಗೆ ಕೊಡುತ್ತಾನೆ. ಹಣ ಕೇಳಿದ್ದು ತಪ್ಪಲ್ಲ. ಲಸಿಕೆ, ಸಂತಾನಹರಣ ಚಿಕಿತ್ಸೆ ಪುಕ್ಕಟೆ ಆಗುವುದಿಲ್ಲ. ಅವೆರಡೂ ಆಗಿಲ್ಲದ ನಾಯಿಗೆ ಇಪ್ಪತ್ತು ಸಾವಿರ ತೆಗೆದುಕೊಳ್ಳುವುದು ಅಂಗಡಿ, ಅಷ್ಟೇ. ಕೋರ್ಟಿನ ಆದೇಶದ ಹಿಂದೆ ನಾಳೆ ಶೆಲ್ಟರಿಗೆ ಸರ್ಕಾರದ ದುಡ್ಡು ಹರಿಯತೊಡಗಿದರೆ ಇಂಥವರ ಬೋರ್ಡುಗಳೇ ಮೊದಲು ಏಳುತ್ತವೆ.

ಸರಿಯಾಗಿ ಕೆಲಸ ಮಾಡುವವರ ಬಾಗಿಲು ತೆರೆದಿರುತ್ತದೆ. ಮುಂಚೆ ಹೇಳದೆ ಹೋದರೆ ಸ್ವಲ್ಪ ಬೈಯಬಹುದು, ಆದರೆ ಒಳಗೆ ಬಿಡುತ್ತಾರೆ. ನಿಮ್ಮ ಮನೆಗೂ ಬಂದು ನೋಡುತ್ತಾರೆ, ಆರು ತಿಂಗಳಾದ ಮೇಲೂ ಫೋನ್ ಮಾಡಿ ತಲೆ ತಿನ್ನುತ್ತಾರೆ.

ನಮ್ಮ ಪ್ರಾಣಿ ಕಲ್ಯಾಣ ಮಂಡಳಿಯಿಂದ ನಾನು ದೊಡ್ಡದೇನೂ ಕೇಳುತ್ತಿಲ್ಲ. ನೋಂದಣಿಯಾದ ಬ್ರೀಡರುಗಳ, ಪೆಟ್ ಶಾಪುಗಳ, ಶೆಲ್ಟರುಗಳ ಪಟ್ಟಿಯನ್ನು ತಾಲ್ಲೂಕುವಾರು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಿ. ನೋಂದಣಿ ಸಂಖ್ಯೆಯಿಲ್ಲದ ಮರಿ ಜಾಹೀರಾತು ಆನ್‌ಲೈನಿನಲ್ಲಿ ನಿಲ್ಲದಂತೆ ಮಾಡಲಿ. ವರ್ಷಕ್ಕೊಮ್ಮೆ ಒಬ್ಬ ಪಶುವೈದ್ಯರು ತಾರಸಿ ಹತ್ತಿ ಬರಲಿ.

ಇದನ್ನು ಬರೆಯುವ ಮುನ್ನ ಆ ಹುಡುಗನ ನಂಬರಿಗೆ ಮೆಸೇಜ್ ಹಾಕಿದೆ: ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಐದು ನಿಮಿಷದಲ್ಲಿ ಉತ್ತರ ಬಂತು. ಒಂದು ಕ್ಯೂಆರ್ ಕೋಡ್, ಅದರ ಕೆಳಗೆ, ‘ಅಣ್ಣ ಹೊಸ ಬ್ಯಾಚ್ ಬಂದಿದೆ, ಟೋಕನ್ ಹಾಕಿ.’