ಆರೋಗ್ಯಸಂಕಲ್ಪದ ಅಳತೆ

2015ರಿಂದೀಚೆಗೆ ಪ್ರತಿವರ್ಷ ಜೂನ್ 21ರಂದು ಶಾಲೆಗಳ ಅಂಗಳದಲ್ಲಿ ಯೋಗದಿನವು ಸಂಭ್ರಮದಿಂದ ಜರುಗುತ್ತದೆ. ಜುಲೈಯಲ್ಲಿ ಆ ಚಾಪೆಗಳು ಎಲ್ಲಿರುತ್ತವೆಂದು ಯಾರೂ ಕೇಳುವುದಿಲ್ಲ. ನಮ್ಮ ಸಂಕಲ್ಪಗಳು ಪ್ರಾಮಾಣಿಕವಾದವೇ. ಅಳತೆ ಮಾತ್ರ ಮೈಗೆ ಮೀರಿದ್ದು.

ಹಾವೇರಿ, ರಾಣೇಬೆನ್ನೂರುಗಳ ವ್ಯಾಪಾರಿಯು ದಿನವಿಡೀ ಗಾದಿಯ ಮೇಲೆ ಕುಳಿತಿರುತ್ತಾನೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸುನಡಿಗೆಯಷ್ಟು ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅವನಿಗೆ ಒಪ್ಪುವ ಮಾತು. ಆದರೆ ಮೊದಲ ದಿನವೇ ಗಂಟೆಗಟ್ಟಲೆ ನಡೆದರೆ ಮಂಡಿ ನೊಂದು ವ್ರತ ಮುರಿಯುತ್ತದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ನಡೆದೇ ಹೋಗಲಿ. ಊಟ ತಪ್ಪದಿರುವವರೆಗೆ ನಡಿಗೆಯೂ ತಪ್ಪದು. ಲಂಡನ್ನಿನ ವಿದ್ವಾಂಸರು 96 ಜನರನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದಂತೆ, ಇಂತಹ ಅಭ್ಯಾಸವು ಬೇರೂರಲು ಸಾಮಾನ್ಯವಾಗಿ 66 ದಿನಗಳು ಬೇಕು; ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಕೆಡುವುದೇನಿಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಂದಿರಿಗೆ ಇದೇ ಉಪದೇಶ ಮಾಡುವುದು ಪರಿಹಾಸ್ಯವೇ ಸರಿ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಕಾಯಿಯ ಬಣ್ಣವನ್ನು ಲೋಕವೆಲ್ಲ ಹೊಗಳುತ್ತದೆ. ಅದರ ಧೂಳು ಇವರ ಮೂಗಿಗೆ. ಇವರಿಗೆ ಬೇಕಾದುದು ಮುಖವಸ್ತ್ರ, ಗಂಟೆಗೊಮ್ಮೆ ಎದ್ದು ಬೆನ್ನು ನೀಡುವ ಬಿಡುವು. ಕೆಲಸ ಕೊಡುವವರು ಮನಸ್ಸು ಮಾಡದೆ ಇದು ಕೈಗೂಡದು.

ಊಟದಲ್ಲಿಯೂ ಹಾಗೆಯೇ. ಜೋಳದ ರೊಟ್ಟಿ ನಿರ್ದೋಷಿ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯಿರಬೇಕು, ಅಂದರೆ ಒಂದು ಸಣ್ಣ ಚಮಚೆಯಷ್ಟೂ ಅಲ್ಲ. ಉಪ್ಪಿನಕಾಯಿಯನ್ನು ರಾತ್ರಿಯೊಂದು ಹೊತ್ತು ಬಿಟ್ಟರೂ ಆರಂಭವಾದೀತು.

ಇನ್ನು ಮಕ್ಕಳು. ಅವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಆಟೋಟ ಬೇಕೆನ್ನುತ್ತಾರೆ. ಹತ್ತನೆಯ ತರಗತಿಯವರ ಆಟದ ಅವಧಿಯನ್ನು ಗಣಿತಕ್ಕೆ ಧಾರೆಯೆರೆಯುವ ರೂಢಿಯನ್ನು ಶಾಲೆಗಳು ಈ ವರ್ಷವೇ ನಿಲ್ಲಿಸಬಹುದು.