‘ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ’ ಎಂದರೆ ಹೃದಯಕ್ಕೆ ಒಳ್ಳೆಯದು ಎಂದರ್ಥವೇ?

‘ಈ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಎಷ್ಟು ಬಳಸಿದರೂ ತೊಂದರೆಯಿಲ್ಲ’, ‘ಗಾಣದ ಎಣ್ಣೆ ತಿಂದರೆ ಕೊಲೆಸ್ಟ್ರಾಲ್ ಕರಗುತ್ತದೆ, ಮಾತ್ರೆ ಬಿಟ್ಟುಬಿಡಿ’. ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ, ಎರಡನೆಯದು ಅಪಾಯಕಾರಿ. ಏಕೆಂದು ತಿಳಿಯಲು ಎಣ್ಣೆ, ಕೊಬ್ಬು, ಕೊಲೆಸ್ಟ್ರಾಲ್‌ಗಳನ್ನು ವಿಜ್ಞಾನ ಹೇಗೆ ವಿಂಗಡಿಸುತ್ತದೆ ಎಂದು ನೋಡೋಣ.

ಲಿಪಿಡ್ ಎಂದರೇನು?

ಜೀವಿಗಳಲ್ಲಿರುವ, ನೀರಿನಲ್ಲಿ ಕರಗದ ಆದರೆ ಈಥರ್, ಕ್ಲೋರೋಫಾರ್ಮ್‌ನಂಥ ದ್ರಾವಕಗಳಲ್ಲಿ ಕರಗುವ ವಸ್ತುಗಳನ್ನು ಒಟ್ಟಾಗಿ ಲಿಪಿಡ್ ಎನ್ನುತ್ತಾರೆ. ಎಚ್.ಡಿ. ಕೋಟೆಯ ಕಾಕನಕೋಟೆ ಸೀಮೆಯನ್ನೇ ತೆಗೆದುಕೊಳ್ಳಿ. ಹೊಲದ ಹುಚ್ಚೆಳ್ಳಿನ ಎಣ್ಣೆ, ಮನೆಯಲ್ಲಿ ಕಾಯಿಸಿದ ತುಪ್ಪ, ಜೇನುಕುರುಬರು ಕಾಡಿನಿಂದ ತರುವ ಜೇನುಗೂಡಿನ ಮೇಣ ಮೂರೂ ಲಿಪಿಡ್‌ಗಳೇ. ಆದರೆ ಎಣ್ಣೆ, ತುಪ್ಪದಂತೆ ಮೇಣವನ್ನು ನಾವು ಅರಗಿಸಿಕೊಳ್ಳಲಾರೆವು. ಗುಂಪು ಒಂದೇ ಆದರೂ ಗುಣ ಬೇರೆ ಬೇರೆ.

ಎಣ್ಣೆ, ಕೊಬ್ಬು ಒಂದೇ ಪಂಗಡ

ಎಣ್ಣೆ, ಕೊಬ್ಬು ಎರಡೂ ಮುಖ್ಯವಾಗಿ ಟ್ರೈಗ್ಲಿಸರೈಡ್‌ಗಳು. ಅಂದರೆ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿದ್ದರೆ ಎಣ್ಣೆ, ಗಟ್ಟಿಯಾಗಿದ್ದರೆ ಕೊಬ್ಬು. ನೆಟ್ಟಗಿನ ಸೌದೆಯನ್ನು ಒತ್ತಾಗಿ ಒಟ್ಟಬಹುದು, ಸೊಟ್ಟ ಸೌದೆಯನ್ನು ಆಗದು. ಹಾಗೆಯೇ ನೆಟ್ಟಗಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನಾಮ್ಲಗಳು ಒತ್ತಾಗಿ ಕೂತು ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಇವು ಸುಮಾರು ಶೇ 90ರಷ್ಟಿವೆ. ಅದಕ್ಕೇ ಹುಣಸೂರು, ಪಿರಿಯಾಪಟ್ಟಣದ ಚಳಿಗಾಲದ ಬೆಳಗ್ಗೆ, ಸುಮಾರು 24 ಡಿಗ್ರಿಗಿಂತ ಕೆಳಗೆ, ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಇದು ಕಲಬೆರಕೆಯ ಗುರುತಲ್ಲ.

ಕೊಲೆಸ್ಟ್ರಾಲ್ ಬೇರೆ ಪಂಗಡ

ಕೊಲೆಸ್ಟ್ರಾಲ್ ಕೂಡ ಲಿಪಿಡ್, ಆದರೆ ಟ್ರೈಗ್ಲಿಸರೈಡ್ ಅಲ್ಲ. ಅದು ನಾಲ್ಕು ಉಂಗುರಗಳ ರಚನೆಯಿರುವ ಸ್ಟೀರಾಲ್. ದೇಹ ಅದನ್ನು ಸುಟ್ಟು ಶಕ್ತಿ ಪಡೆಯುವುದಿಲ್ಲ. ಜೀವಕೋಶದ ಪೊರೆ, ಪಿತ್ತರಸ, ವಿಟಮಿನ್ ಡಿ, ಕೆಲವು ಹಾರ್ಮೋನುಗಳಿಗೆ ಬಳಸುತ್ತದೆ. ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆಹಾರದಿಂದ ಬರುವುದು ಮೊಟ್ಟೆ, ಮಾಂಸ, ಹಾಲು, ತುಪ್ಪಗಳಿಂದ. ಸಸ್ಯಗಳಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಹಾಗಾಗಿ ಕಡಲೆಕಾಯಿ, ಹುಚ್ಚೆಳ್ಳು, ಸೂರ್ಯಕಾಂತಿ, ತಾಳೆ, ಯಾವುದೇ ಇರಲಿ, ಗಾಣದ್ದಿರಲಿ ರಿಫೈನ್ಡ್ ಇರಲಿ, ಎಲ್ಲವೂ ‘ಕೊಲೆಸ್ಟ್ರಾಲ್ ಮುಕ್ತ’. ಇದು ಯಾವ ಒಂದು ಎಣ್ಣೆಯ ಹೆಗ್ಗಳಿಕೆಯೂ ಅಲ್ಲ.

ಹಾಗಾದರೆ ಏನನ್ನು ನೋಡಬೇಕು?

ರಕ್ತದ ಬಹುಪಾಲು ನೀರು. ಅದರಲ್ಲಿ ಕರಗದ ಕೊಲೆಸ್ಟ್ರಾಲನ್ನು ಪ್ರೋಟೀನು ಸೇರಿದ ಕಣಗಳು ಹೊತ್ತೊಯ್ಯುತ್ತವೆ. ಎಲ್‌ಡಿಎಲ್, ಎಚ್‌ಡಿಎಲ್ ಅಂಥ ವಾಹನಗಳು. ಎಲ್‌ಡಿಎಲ್ ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಶೇಖರವಾಗುತ್ತದೆ. ಪರ್ಯಾಪ್ತ ಕೊಬ್ಬು ಹೆಚ್ಚು ತಿಂದರೆ, ಯಕೃತ್ತು ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಂಪಡೆಯುವ ಕೆಲಸ ನಿಧಾನವಾಗುತ್ತದೆ. ಅಂದರೆ ಕೊಲೆಸ್ಟ್ರಾಲ್ ಇಲ್ಲದ ಎಣ್ಣೆಯೂ ರಕ್ತದ ಕೊಲೆಸ್ಟ್ರಾಲನ್ನು ಏರಿಸಬಲ್ಲದು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ ಪರ್ಯಾಪ್ತ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಪಾಲು. ಗಾಣಕ್ಕೆ ಹಾಕಿದರೆ ಈ ಪ್ರಮಾಣ ಬದಲಾಗುವುದಿಲ್ಲ. ಟ್ರಾನ್ಸ್ ಫ್ಯಾಟ್ ಇನ್ನೂ ಕೆಟ್ಟದ್ದು. ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಇನ್ನು, ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ ಸುಮಾರು 9 ಕ್ಯಾಲೊರಿ. ‘ಎಷ್ಟು ಬಳಸಿದರೂ’ ಎಂಬ ಮಾತು ಯಾವುದಕ್ಕೂ ಸಲ್ಲದು.

ಪೊಟ್ಟಣದ ಮುಂಭಾಗದ ದೊಡ್ಡಕ್ಷರ ಬಿಡಿ, ಹಿಂಭಾಗದ ‘ಸ್ಯಾಚುರೇಟೆಡ್ ಫ್ಯಾಟ್’, ‘ಟ್ರಾನ್ಸ್ ಫ್ಯಾಟ್’ ಸಾಲುಗಳನ್ನು ಓದಿ. ‘ಲಿಪಿಡ್ ಪ್ರೊಫೈಲ್’ ವರದಿಯಲ್ಲಿ ಕೊಲೆಸ್ಟ್ರಾಲ್‌ಗೂ ಟ್ರೈಗ್ಲಿಸರೈಡ್‌ಗೂ ಬೇರೆ ಬೇರೆ ಸಾಲು ಏಕಿದೆ ಎಂಬುದೂ ಈಗ ತಿಳಿಯಿತಲ್ಲ. ಕೆಲವರಿಗೆ ವಂಶವಾಹಿಯ ಕಾರಣದಿಂದ, ಪಥ್ಯ ಮಾಡಿದರೂ ಎಲ್‌ಡಿಎಲ್ ಇಳಿಯುವುದಿಲ್ಲ. ಅಂಥವರು ಒಂದು ಸಂದೇಶ ನಂಬಿ ಮಾತ್ರೆ ಬಿಟ್ಟರೆ ಹೃದಯಾಘಾತದ ಅಪಾಯ ಹೆಚ್ಚುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಿ ಎನ್ನುವ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.